ಸಣ್ಣ ಊರಿಗೆ ಅದರದ್ದೇ ಎಸ್‌ಟಿಡಿ ಕೋಡ್ ಇನ್ನೂ ಯಾಕೆ ಬೇಕು

ನಿಮ್ಮ ಊರಿನ ಪಂಚಾಯಿತಿ ಕಚೇರಿಯ ಗೋಡೆ ಮೇಲೆ ಬರೆದಿರುವ ಫೋನ್ ನಂಬರನ್ನು ಒಮ್ಮೆ ಗಮನಿಸಿ. ಬಹಳ ಕಡೆ ಅದು ಒಬ್ಬರ ಮೊಬೈಲ್ ನಂಬರ್ ಆಗಿರುತ್ತದೆ. ಪಿಡಿಒ ಅವರದ್ದೋ, ಕಾರ್ಯದರ್ಶಿಯವರದ್ದೋ ಇರುತ್ತದೆ. ಅವರಿಗೆ ವರ್ಗವಾದರೆ ನಂಬರೂ ಅವರ ಜತೆ ಹೋಗುತ್ತದೆ. ಆಮೇಲೆ ಯಾರೋ ನೀರು ಬರ್ತಿಲ್ಲ ಅಂತ ಫೋನ್ ಮಾಡುತ್ತಾರೆ. ಫೋನ್ ಎತ್ತಿದವರು ಬೇರೆ ತಾಲೂಕಿನಲ್ಲಿ ಕೂತು, 'ನಾನೀಗ ಅಲ್ಲಿಲ್ಲ, ಹೊಸಬರ ನಂಬರ್ ನನ್ನ ಹತ್ರ ಇಲ್ಲ' ಎನ್ನುತ್ತಾರೆ. ತಪ್ಪು ಅವರದ್ದಲ್ಲ. ಒಂದು ಕಚೇರಿಗೆ ಇರಬೇಕಾದ ನಂಬರ್ ಒಬ್ಬ ಮನುಷ್ಯನ ಜೇಬಿಗೆ ಸೇರಿಹೋಗಿದೆ, ಸಮಸ್ಯೆ ಅಲ್ಲಿದೆ.

ಊರಿನ ಎಸ್‌ಟಿಡಿ ಕೋಡ್ ಇರುವ, ಅಂದರೆ 080ರ ಹಾಗೆ ಊರನ್ನು ಗುರುತಿಸುವ ಅಂಕಿಗಳಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರ್ ಹಾಗಲ್ಲ. ಅದು ಒಂದು ಜಾಗಕ್ಕೆ, ಒಂದು ಟೇಬಲ್ಲಿಗೆ ಸೇರಿದ್ದು. ಕುರ್ಚಿಯಲ್ಲಿ ಯಾರು ಕೂತರೂ ಅದೇ ಫೋನ್ ರಿಂಗಾಗುತ್ತದೆ. ಮೊಬೈಲ್ ಬಂದ ಮೇಲೆ ಈ ಕೋಡುಗಳು ಹಳೇ ಕಾಲದ ವಸ್ತುವಾದವು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದರಲ್ಲೂ ಸಣ್ಣ ಊರುಗಳಿಗೆ ಅದು ಈಗಲೂ ಬೇಕು. ನಂಬರ್ ಪದ್ಧತಿಯನ್ನೇ ಬದಲಾಯಿಸುವ ಮಾತು ನಡೆಯುತ್ತಿರುವ ಈ ಹೊತ್ತಿನಲ್ಲಿ ಅದನ್ನು ಸರಿಯಾಗಿ ತಿಳಿದುಕೊಳ್ಳುವುದೂ ಬೇಕು.

ಮೊದಲು ಈ ಕೋಡ್ ಬಂದದ್ದು ಹೇಗೆ ನೋಡೋಣ. ನಮ್ಮ ದೇಶದಲ್ಲಿ ಮೊದಲ ಎಸ್‌ಟಿಡಿ ಸಂಪರ್ಕ, ಅಂದರೆ ಆಪರೇಟರ್ ಇಲ್ಲದೆ ಬೇರೆ ಊರಿಗೆ ನೇರವಾಗಿ ಡಯಲ್ ಮಾಡುವ ಸೌಲಭ್ಯ, ಶುರುವಾದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಅಲ್ಲಿಯವರೆಗೆ ಬೇರೆ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ, ಆಪರೇಟರ್ ಲೈನ್ ಕೊಡುವವರೆಗೆ ಕಾಯಬೇಕಿತ್ತು. ಕರ್ನಾಟಕದ ಸಣ್ಣ ಊರುಗಳಿಗೆ ಆ ಕಾಯುವಿಕೆ ಇನ್ನೂ ಬಹಳ ವರ್ಷ ಮುಂದುವರಿಯಿತು. ಅದು ಬದಲಾದದ್ದು ಎಂಬತ್ತರ ದಶಕದ ಕೊನೆಗೆ. 1984ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ 128 ಲೈನುಗಳ ಸಣ್ಣ ಎಕ್ಸ್‌ಚೇಂಜ್ ಮಾಡಿತು. ಎಸಿ ಬೇಡ, ನಮ್ಮ ಸೆಕೆ, ಧೂಳು ತಡೆದುಕೊಳ್ಳಬೇಕು ಅಂತಲೇ ಮಾಡಿದ ಯಂತ್ರ ಅದು. ಅದನ್ನು ಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ದೇಶದ ಸಾವಿರಾರು ಹಳ್ಳಿಗಳಿಗೆ ಹೋದ ತಂತ್ರಜ್ಞಾನ ಚೆನ್ನಮ್ಮನ ಊರಿನಿಂದ ಶುರುವಾಯಿತು ಅನ್ನುವುದನ್ನು ನಾವು ಇನ್ನೂ ಜಾಸ್ತಿ ಹೇಳಿಕೊಳ್ಳಬೇಕಿತ್ತು.

ಕೋಡ್ ಹಂಚಿದ್ದು ದುಡ್ಡಿನ ಲೆಕ್ಕಕ್ಕಾಗಿ. ದೇಶವನ್ನು ಸುಮಾರು 2,600 ಸಣ್ಣ ವಲಯಗಳಾಗಿ ಮಾಡಿದರು. ಇಲಾಖೆಯ ಭಾಷೆಯಲ್ಲಿ ಅದು ಎಸ್‌ಡಿಸಿಎ. ಸಾಮಾನ್ಯವಾಗಿ ಒಂದು ತಾಲೂಕಿನಷ್ಟು ಜಾಗ. ಒಂದು ವಲಯದೊಳಗೆ ಮಾತಾಡಿದರೆ ಲೋಕಲ್ ಕಾಲ್, ಹೊರಗೆ ಹೋದರೆ ದೂರ ನೋಡಿ ದರ. ಎಸ್‌ಟಿಡಿ ಬೂತಿನಲ್ಲಿ ಕೆಂಪು ಅಂಕಿಗಳ ಮೀಟರ್ ಓಡುವುದನ್ನು ನೋಡುತ್ತಾ, ರಾತ್ರಿ ರೇಟ್ ಇಳಿಯುವವರೆಗೆ ಕಾದು ಫೋನ್ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ನಡುವೆ ಕೆಲವು ವರ್ಷ ರಾಜ್ಯದೊಳಗಿನ ಊರುಗಳಿಗೆ 0 ಬದಲು 95 ಒತ್ತುವ ಪದ್ಧತಿಯೂ ಇತ್ತು. 2006ರ ಮಾರ್ಚಿನಲ್ಲಿ ಬಿಎಸ್‌ಎನ್‌ಎಲ್ 'ಒನ್ ಇಂಡಿಯಾ' ಪ್ಲಾನ್ ತಂದು, ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದಿತು. ಅಲ್ಲಿಗೆ ದೂರಕ್ಕೆ ತಕ್ಕ ದರ ಎನ್ನುವ ಲೆಕ್ಕ ಕುಸಿಯುತ್ತಾ ಬಂತು. ಕೋಡ್ ಹುಟ್ಟಿದ ಕಾರಣ ಹೋಯಿತು, ಕೋಡ್ ಮಾತ್ರ ಉಳಿಯಿತು.

ಅಂಕಿಗಳಿಗೆ ಒಂದು ಕ್ರಮ ಇದೆ. ಸೊನ್ನೆಯ ನಂತರದ ಅಂಕಿ ದೇಶದ ಭಾಗವನ್ನು ಹೇಳುತ್ತದೆ. 8 ನಮಗೂ ಆಂಧ್ರಕ್ಕೂ ಸೇರಿದ್ದು. ಬೆಂಗಳೂರು 080, ಮಂಗಳೂರು 0824, ಮೈಸೂರು 0821, ವಿಶಾಖಪಟ್ಟಣ 0891. ಕಾಸರಗೋಡಿನ 04994 ಕೇರಳದ ಸಾಲಿನದ್ದು. ಸೊನ್ನೆ ಬಿಟ್ಟು ಎಣಿಸಿದರೆ ಕೋಡ್ ಮತ್ತು ನಂಬರ್ ಸೇರಿ ಯಾವಾಗಲೂ ಹತ್ತು ಅಂಕಿ. ಹಾಗಾಗಿ ದೊಡ್ಡ ಊರಿಗೆ ಕೋಡ್ ಚಿಕ್ಕದು, ನಂಬರ್ ಉದ್ದ. ಸಣ್ಣ ಊರಿಗೆ ಕೋಡ್ ಉದ್ದ, ನಂಬರ್ ಚಿಕ್ಕದು. ಬೆಂಗಳೂರಿನಲ್ಲಿ ಎಂಟಂಕಿಯ ನಂಬರ್, ಮೈಸೂರು, ಹುಬ್ಬಳ್ಳಿ, ತುಮಕೂರಿನಲ್ಲಿ ಏಳಂಕಿ. ಶಿರಸಿ 08384, ಪುತ್ತೂರು 08251, ತೀರ್ಥಹಳ್ಳಿ 08181, ಕುಂದಾಪುರ 08254. ಇಂಥ ಕಡೆಗಳಲ್ಲಿ ಆರಂಕಿ. ಆರಂಕಿ ಎಂದರೆ, 2ರಿಂದ ಶುರುವಾಗುವ ನಂಬರುಗಳೇ ಒಂದು ಲಕ್ಷ ಆಗುತ್ತವೆ. ಒಂದು ಸಣ್ಣ ತಾಲೂಕಿಗೆ ಅದು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ವಲಯಗಳ ಗಡಿ ಸರ್ಕಾರದ ಗಡಿಯ ಜತೆ ಹೆಜ್ಜೆ ಹಾಕಿಲ್ಲ. ಕಾರ್ಕಳ ಮತ್ತು ಮೂಡುಬಿದಿರೆ ನೋಡಿ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದಾಗ ಕಾರ್ಕಳ ಉಡುಪಿಗೆ ಹೋಯಿತು, ಮೂಡುಬಿದಿರೆ ದಕ್ಷಿಣ ಕನ್ನಡದಲ್ಲೇ ಉಳಿಯಿತು. ಆದರೆ ಇಬ್ಬರದ್ದೂ 08258. ಜಿಲ್ಲಾಧಿಕಾರಿ ಬೇರೆ, ಎಸ್ಪಿ ಬೇರೆ, ಫೋನಿನ ಕೋಡ್ ಒಂದೇ. ಕೊಪ್ಪ ಮತ್ತು ಶೃಂಗೇರಿ ಎರಡು ತಾಲೂಕು, ಎರಡಕ್ಕೂ 08265. ಬೈಂದೂರು ತಾಲೂಕಾಯಿತು, ಕೋಡ್ ಮಾತ್ರ ಕುಂದಾಪುರದ್ದೇ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾಯಿತು, ಕೋಡುಗಳು ಕದಲಲಿಲ್ಲ. ಹಳೆಯ ಪೇಟೆ, ಹಳೆಯ ಬಸ್ಸಿನ ದಾರಿ, ಹಳೆಯ ಸಂಬಂಧಗಳ ನಕ್ಷೆಯೊಂದು ಈ ಅಂಕಿಗಳಲ್ಲಿ ಉಳಿದುಕೊಂಡಿದೆ. ನನಗೆ ಈ ಕೋಡುಗಳ ಮೇಲೆ ಪ್ರೀತಿ ಇರುವುದಕ್ಕೆ ಇದೂ ಒಂದು ಕಾರಣ.

ಪ್ರೀತಿ ಬೇರೆ, ಬಳಕೆ ಬೇರೆ. ಬಳಕೆಯ ಕಥೆ ಏನು? ಈ ಶತಮಾನದ ಮೊದಲ ದಶಕದ ನಡುವಿನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಲ್ಯಾಂಡ್‌ಲೈನ್ ಇದ್ದವು. 2020ರ ಹೊತ್ತಿಗೆ ಅದು ಸುಮಾರು 2 ಕೋಟಿಗೆ ಇಳಿಯಿತು. ಮೊಬೈಲ್ ಅಗ್ಗವಾದದ್ದು ಒಂದೇ ಕಾರಣವಲ್ಲ. ರಸ್ತೆ ಅಗಲ ಮಾಡಲು ಜೆಸಿಬಿ ಬಂದಾಗಲೆಲ್ಲ ನೆಲದೊಳಗಿನ ತಾಮ್ರದ ಕೇಬಲ್ ತುಂಡಾಗುತ್ತಿತ್ತು. ತಿಂಗಳುಗಟ್ಟಲೆ ಫೋನ್ ಸತ್ತಿರುತ್ತಿತ್ತು, ಬಿಲ್ ಬರುತ್ತಿತ್ತು. ಜನ ಬೇಸತ್ತು ಸರೆಂಡರ್ ಮಾಡಿದರು. 2020ರ ಜನವರಿ ಕೊನೆಗೆ ಬಿಎಸ್‌ಎನ್‌ಎಲ್‌ನ ಸುಮಾರು 78 ಸಾವಿರ ನೌಕರರು ಒಂದೇ ದಿನ ಸ್ವಯಂ ನಿವೃತ್ತಿ ಪಡೆದರು. ಊರಿನ ಪ್ರತಿ ಕಂಬ, ಪ್ರತಿ ಜಾಯಿಂಟ್ ಗೊತ್ತಿದ್ದ ಎಷ್ಟೋ ಲೈನ್‌ಮನ್‌ಗಳು ಅವತ್ತು ಮನೆಗೆ ಹೋದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೊರೊನಾ ನಂತರ ಮನೆಮನೆಗೆ ಫೈಬರ್ ಇಂಟರ್‌ನೆಟ್ ಬಂತು. ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಮೂವರೂ ಫೈಬರ್ ಜತೆ ಒಂದು ಲ್ಯಾಂಡ್‌ಲೈನ್ ನಂಬರನ್ನೂ ಕೊಡುತ್ತಾರೆ. ದೇಶದ ಲ್ಯಾಂಡ್‌ಲೈನ್ ಲೆಕ್ಕ ಮತ್ತೆ 3 ಕೋಟಿ ದಾಟಿದೆ. ತುಂಬಾ ಮನೆ, ಅಂಗಡಿಗಳಲ್ಲಿ ಆ ನಂಬರ್ ಇರುವುದೇ ಗೊತ್ತಿಲ್ಲ. ನಿಮ್ಮ ಮೋಡೆಮ್ ಹಿಂದೆ ಒಮ್ಮೆ ನೋಡಿ. ಇಂಟರ್‌ನೆಟ್ ಕೇಬಲ್ ಹಾಕುವ ತೂತುಗಳ ಪಕ್ಕದಲ್ಲಿ ಅದಕ್ಕಿಂತ ಸಣ್ಣದೊಂದು ತೂತು ಇರುತ್ತದೆ, ಹತ್ತಿರದಲ್ಲೇ ಫೋನಿನ ಗುರುತು ಇರುತ್ತದೆ. ಒಂದು ಸಾದಾ ಫೋನ್ ತಂದು ಅಲ್ಲಿ ಚುಚ್ಚಿದರೆ ಡಯಲ್ ಟೋನ್ ಬರುತ್ತದೆ. ಬಿಲ್ಲಿನಲ್ಲಿ ನಿಮ್ಮ ಊರಿನ ಕೋಡ್ ಇರುವ ನಂಬರ್ ಇದೆ. ನೀವು ಈಗಾಗಲೇ ದುಡ್ಡು ಕಟ್ಟುತ್ತಿರುವ ಸೇವೆ ಅದು.

ಇದನ್ನು ಯಾರು ಬಳಸಬೇಕು? ಮನೆಗಳ ಮಾತು ಬಿಡಿ, ಅದು ಅವರವರ ಇಷ್ಟ. ನಾನು ಹೇಳುತ್ತಿರುವುದು ಪಂಚಾಯಿತಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಶಾಲೆ, ಸೊಸೈಟಿ, ಮೆಡಿಕಲ್ ಶಾಪ್, ಊರಿನ ಸಣ್ಣ ಆಸ್ಪತ್ರೆಗಳ ಬಗ್ಗೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತರುವ ಕೇಂದ್ರದ ಯೋಜನೆ 2011ರಿಂದಲೇ ಇದೆ, 2015ರಿಂದ ಅದರ ಹೆಸರು ಭಾರತ್‌ನೆಟ್. ಫೈಬರ್ ತಲುಪಿದ ಕಚೇರಿಗೆ ಒಂದು ಟೇಬಲ್ ಫೋನ್ ಕಷ್ಟದ ಮಾತಲ್ಲ.

ಹುದ್ದೆಗೇ ಒಂದು ಮೊಬೈಲ್ ನಂಬರ್ ಕೊಟ್ಟರೆ ಸಾಲದೇ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಕರ್ನಾಟಕ ಪೊಲೀಸ್ ಇಲಾಖೆ ಹಾಗೇ ಮಾಡಿದೆ. 94808ರಿಂದ ಶುರುವಾಗುವ ನಂಬರುಗಳು ಹುದ್ದೆಗೆ ಸೇರಿದವು, ಅಧಿಕಾರಿ ಬದಲಾದರೆ ಹೊಸಬರ ಕೈಗೆ ಬರುತ್ತವೆ. ಎಲ್ಲ ಇಲಾಖೆಗಳೂ ಕಲಿಯಬೇಕಾದ ಪದ್ಧತಿ ಅದು. ಆದರೂ ಆ ಫೋನ್ ಇರುವುದು ಒಬ್ಬರ ಕೈಯಲ್ಲಿ. ಅವರು ಮೀಟಿಂಗ್‌ನಲ್ಲಿದ್ದರೆ, ನೆಟ್‌ವರ್ಕ್ ಇಲ್ಲದ ಕಡೆ ಹೋಗಿದ್ದರೆ, ಕರೆ ಅಲ್ಲಿಗೇ ನಿಲ್ಲುತ್ತದೆ. ಸ್ಟೇಷನ್ನಿನ ಟೇಬಲ್ ಮೇಲಿನ ಫೋನನ್ನು ರಾತ್ರಿ ಪಾಳಿಯವರೂ ಎತ್ತುತ್ತಾರೆ. ಆಸ್ಪತ್ರೆಯ ಫೋನನ್ನು ನರ್ಸ್ ಎತ್ತುತ್ತಾರೆ, ಅವರಿಲ್ಲದಿದ್ದರೆ ಆಯಾ ಎತ್ತುತ್ತಾರೆ. ಮಧ್ಯರಾತ್ರಿ ಹಾವು ಕಚ್ಚಿದವರ ಮನೆಯವರಿಗೆ ಬೇಕಾದ ಉತ್ತರ ಒಂದೇ: 'ಔಷಧಿ ಇದೆಯಾ, ಡಾಕ್ಟರ್ ಇದ್ದಾರಾ, ಇಲ್ಲಿಗೇ ಬರಬೇಕಾ, ಮುಂದೆ ಹೋಗಬೇಕಾ?' ಅದಕ್ಕೆ ಡ್ಯೂಟಿಯಲ್ಲಿರುವ ಯಾರಾದರೂ ಉತ್ತರ ಕೊಡಬಹುದು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ ನಿಜ. ಆದರೆ ನಿಮ್ಮ ಊರಿನ ಆಸ್ಪತ್ರೆಯ ಟೇಬಲ್ ಮುಂದೆ ಈಗ ಯಾರಿದ್ದಾರೆ ಅಂತ ತಿಳಿಯಲು ಆ ಟೇಬಲ್ಲಿಗೇ ಕರೆ ಹೋಗಬೇಕು.

ಇನ್ನೊಂದು ವಿಷಯ ಮೋಸದ ಕರೆಗಳದ್ದು. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಪರದೆ ಮೇಲೆ ನಮ್ಮ ಊರಿನ ಕೋಡ್ ಕಂಡಿತು ಅಂತ ಕರೆ ಮಾಡಿದವರನ್ನು ನಂಬುವುದು ಸರಿಯಲ್ಲ. ಕಾಣುವ ನಂಬರನ್ನು ಸುಳ್ಳಾಗಿ ತೋರಿಸಲು ಬರುತ್ತದೆ. ವಿದೇಶದಿಂದ ಬಂದ ಕರೆಗಳು ಭಾರತದ ನಂಬರಿನ ವೇಷದಲ್ಲಿ ಬರುವುದನ್ನು ತಡೆಯಲು 2024ರ ಅಕ್ಟೋಬರಿನಲ್ಲಿ ದೂರಸಂಪರ್ಕ ಇಲಾಖೆ ಒಂದು ವ್ಯವಸ್ಥೆಯನ್ನೇ ತರಬೇಕಾಯಿತು. ಬ್ಯಾಂಕು, ಸರ್ಕಾರಿ ಸಂಸ್ಥೆಗಳ ಕರೆಗೆ 160ರಿಂದ ಶುರುವಾಗುವ ಸಾಲು, ಜಾಹೀರಾತಿಗೆ 140ರ ಸಾಲು ಅಂತ ಬೇರೆ ಮಾಡಿದ್ದೂ ಇದಕ್ಕೇ. ಹಾಗಿದ್ದರೆ ಊರಿನ ಕೋಡಿನಿಂದ ಏನು ಉಪಯೋಗ?

ಉಪಯೋಗ ಇರುವುದು ವಾಪಸ್ ಕರೆ ಮಾಡುವುದರಲ್ಲಿ. ಒಳಗೆ ಬರುವ ಕರೆಯ ನಂಬರನ್ನು ವೇಷ ಹಾಕಿಸಬಹುದು. ನಾವಾಗಿ ಡಯಲ್ ಮಾಡಿದ ಕರೆ ಮಾತ್ರ ನಿಜವಾದ ಜಾಗಕ್ಕೇ ಹೋಗುತ್ತದೆ. 'ನಿಮ್ಮ ಬ್ರಾಂಚಿನಿಂದ ಮಾತಾಡ್ತಿದ್ದೀವಿ, ಖಾತೆ ಬ್ಲಾಕ್ ಆಗಿದೆ' ಅಂತ ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಪಾಸ್‌ಬುಕ್ ಮೇಲಿರುವ, ನಿಮ್ಮ ಊರಿನ ಕೋಡ್ ಇರುವ ನಂಬರಿಗೆ ನೀವೇ ಮಾಡಿ. ದಿನಾ ನೋಡುವ ಕ್ಯಾಷಿಯರ್ ಎತ್ತುತ್ತಾರೆ, ದನಿ ಗುರುತು ಹತ್ತುತ್ತದೆ. ವಯಸ್ಸಾದವರಿಗೆ ಹೇಳಿಕೊಡಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಈ ದಾರಿ ಇರಬೇಕಾದರೆ ಬ್ರಾಂಚಿನಲ್ಲಿ ಫೋನ್ ಇರಬೇಕು, ಯಾರಾದರೂ ಎತ್ತಬೇಕು. ಎಲ್ಲ ಕರೆಯನ್ನೂ ದೂರದ ಕಾಲ್ ಸೆಂಟರಿಗೆ ತಿರುಗಿಸಿ ಬ್ರಾಂಚಿನ ಲೈನ್ ತೆಗೆದುಹಾಕಿದರೆ, ಗ್ರಾಹಕನಿಗೆ ಇದ್ದ ಒಂದು ರಕ್ಷಣೆಯನ್ನೂ ತೆಗೆದ ಹಾಗೆ.

ಸಣ್ಣ ಊರಿನ ವ್ಯಾಪಾರಿಗಳಲ್ಲಿ ಈಗ ಇನ್ನೊಂದು ರೂಢಿ ಬಂದಿದೆ. ದೊಡ್ಡ ಕಂಪನಿಯ ಹಾಗೆ ಕಾಣಲಿ ಅಂತ ಇಂಟರ್‌ನೆಟ್ ಮೂಲಕ ಕರೆ ನಡೆಸುವ ಕ್ಲೌಡ್ ಟೆಲಿಫೋನ್ ಸೇವೆಯವರಿಂದ 080 ನಂಬರ್ ತಗೊಳ್ಳುತ್ತಾರೆ. ರಾಜ್ಯಪೂರ್ತಿ ಗಿರಾಕಿಗಳಿದ್ದರೆ ಅದು ಸರಿ. ಆದರೆ ಜನ 080 ಕಂಡರೆ ಸಾಲದ ಜಾಹೀರಾತು ಅಂದುಕೊಂಡು ಕಟ್ ಮಾಡುವ ಕಾಲ ಇದು. ಶಿರಸಿಯ ಅಡಿಕೆ ಬೆಳೆಗಾರನಿಗೆ 08384 ಕಂಡರೆ ಎತ್ತುವ ಮನಸ್ಸು ಬರುತ್ತದೆ. ಬೇರೆ ಊರಿನವರಿಗೂ ಆ ಕೋಡ್ ಅಂಗಡಿ ಎಲ್ಲಿದೆ ಅಂತ ಹೇಳುತ್ತದೆ. ಮೊಬೈಲ್ ನಂಬರಿಗೆ ಆ ಶಕ್ತಿ ಇಲ್ಲ. 9448 ಎಂದರೆ ಕರ್ನಾಟಕದ ಬಿಎಸ್‌ಎನ್‌ಎಲ್, 9845 ಎಂದರೆ ಏರ್‌ಟೆಲ್ ಅನ್ನುವ ಗುರುತು ಒಂದು ಕಾಲಕ್ಕೆ ಇತ್ತು. 2011ರ ಜನವರಿಯಲ್ಲಿ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ ದೇಶಕ್ಕೆಲ್ಲ ಬಂತು, 2015ರ ಜುಲೈಯಿಂದ ರಾಜ್ಯ ಬದಲಿಸಿದರೂ ನಂಬರ್ ಉಳಿಯುತ್ತದೆ. ಗ್ರಾಹಕರಿಗೆ ಬಹಳ ಒಳ್ಳೆಯದಾಯಿತು, ಆದರೆ ಜಾಗದ ಗುರುತು ಹೋಯಿತು. ಅಂಕಿ ನೋಡಿ ಜಾಗ ತಿಳಿಯುವುದು ಈಗ ಲ್ಯಾಂಡ್‌ಲೈನಿನಲ್ಲಿ ಮಾತ್ರ.

ಈಗ ಬದಲಾವಣೆಯ ವಿಷಯಕ್ಕೆ ಬರೋಣ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಮಾಡುವಾಗಲೂ ಮೊದಲು 0 ಒತ್ತಬೇಕು. ಆ ಒಂದು ಸೊನ್ನೆಯಿಂದ 250 ಕೋಟಿಗೂ ಜಾಸ್ತಿ ಹೊಸ ನಂಬರುಗಳಿಗೆ ಜಾಗವಾಯಿತು. ಮುಂದಿನ ಹೆಜ್ಜೆಯಾಗಿ 2025ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಇನ್ನೊಂದು ಶಿಫಾರಸು ಕೊಟ್ಟಿತು. ಅದರ ಪ್ರಕಾರ ಲ್ಯಾಂಡ್‌ಲೈನ್ ನಂಬರುಗಳನ್ನು ತಾಲೂಕಿನಂಥ ಸಣ್ಣ ವಲಯದ ಲೆಕ್ಕದಲ್ಲಿ ನೋಡುವ ಬದಲು ಇಡೀ ಟೆಲಿಕಾಂ ಸರ್ಕಲ್ ಲೆಕ್ಕದಲ್ಲಿ ನೋಡಬೇಕು. ನಮಗೆ ಕರ್ನಾಟಕ ಒಂದು ಸರ್ಕಲ್. ಯಾರ ನಂಬರೂ ಬದಲಾಗುವುದಿಲ್ಲ. ಆದರೆ ಲ್ಯಾಂಡ್‌ಲೈನಿನಿಂದ ಲ್ಯಾಂಡ್‌ಲೈನಿಗೆ ಮಾಡುವಾಗ, ಪಕ್ಕದ ಮನೆಗಾದರೂ, 0 ಮತ್ತು ಕೋಡ್ ಸೇರಿಸಿ ಪೂರ್ತಿ ಒತ್ತಬೇಕು.

ಕಾರಣ ನ್ಯಾಯವಾದದ್ದೇ. ಮೇಲೆ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. ಸಣ್ಣ ತಾಲೂಕಿನಲ್ಲಿ ಲಕ್ಷಗಟ್ಟಲೆ ನಂಬರ್ ಬಳಕೆಯಾಗದೆ ಬಿದ್ದಿರುತ್ತವೆ, ದೊಡ್ಡ ನಗರದಲ್ಲಿ ಕೊರತೆ. ಒಂದೇ ಸರ್ಕಲ್ ಎಂದು ನೋಡಿದರೆ ಬಿದ್ದಿರುವುದನ್ನು ಬಳಸಬಹುದು. ನನ್ನ ಚಿಂತೆ ಇರುವುದೂ ಇಲ್ಲೇ. ತಾಲೂಕಿನ ಗಡಿ ಸಡಿಲವಾದ ಮೇಲೆ, ಪುತ್ತೂರಿನ ಕೋಡ್ ಇರುವ ನಂಬರ್ ನಾಳೆ ಬೆಂಗಳೂರಿನ ಯಾವುದೋ ಕಾಲ್ ಸೆಂಟರಿನಲ್ಲಿ ರಿಂಗಾಗಬಹುದೇ? ಹಾಗಾಗಬಾರದು. ಪದ್ಧತಿ ಬದಲಾಗಲಿ, ಆದರೆ ಈಗ ಬಳಕೆಯಲ್ಲಿರುವ ಕೋಡುಗಳು ಆಯಾ ಊರಿನ ವಿಳಾಸ ಇರುವವರಿಗೇ ಸಿಗಬೇಕು ಎನ್ನುವ ನಿಯಮ ಜತೆಗೇ ಬರಲಿ. ನಗರಕ್ಕೆ ನಂಬರ್ ಬೇಕಿದ್ದರೆ ಹೊಸ ಸಾಲು ತೆರೆಯಬಹುದು. ಒಮ್ಮೆ ಕೋಡಿಗೂ ಊರಿಗೂ ಇರುವ ನಂಟು ಕಡಿದರೆ ಮತ್ತೆ ಜೋಡಿಸಲು ಬರುವುದಿಲ್ಲ. ಇದನ್ನು ಕೇಳಬೇಕಾದವರು ಸಣ್ಣ ಊರಿನವರೇ, ನಗರದವರಿಗೆ ಇದು ತಟ್ಟುವುದಿಲ್ಲ.

ಫೈಬರ್ ಫೋನಿನಲ್ಲಿ ಒಂದು ದೊಡ್ಡ ಕೊರತೆ ಇದೆ, ಅದನ್ನೂ ಹೇಳಬೇಕು. ಹಳೆಯ ತಾಮ್ರದ ಲೈನಿಗೆ ಮನೆಯ ಕರೆಂಟ್ ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಂತಿಯಲ್ಲಿ ಬರುತ್ತಿತ್ತು. ಮಲೆನಾಡಿನಲ್ಲಿ ಆಷಾಢದ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದರೂ, ಲೈನ್ ಕಡಿದಿಲ್ಲದಿದ್ದರೆ ಫೋನ್ ನಡೆಯುತ್ತಿತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಬರುವುದಿಲ್ಲ. ಮೋಡೆಮ್ ಆರಿದರೆ ಫೋನೂ ಆರುತ್ತದೆ. ಹಾಗಾಗಿ ಆಸ್ಪತ್ರೆ, ಪಂಚಾಯಿತಿಗಳಲ್ಲಿ ಮೋಡೆಮ್‌ಗೆ ಒಂದು ಸಣ್ಣ ಯುಪಿಎಸ್ ಇರಲೇಬೇಕು. ರೂಟರಿಗೆಂದೇ ಮಾಡಿದ ಅಂಗೈಯಗಲದ 12 ವೋಲ್ಟಿನ ಪೆಟ್ಟಿಗೆ ಎಲ್ಲ ಎಲೆಕ್ಟ್ರಾನಿಕ್ ಅಂಗಡಿಗಳಲ್ಲೂ ಸಿಗುತ್ತದೆ. ಕೆಲವು ಗಂಟೆ ತಡೆಯುತ್ತದೆ, ದಿನಗಟ್ಟಲೆ ಅಲ್ಲ. ಮಳೆಗಾಲದಲ್ಲಿ ಮೋಡೆಮನ್ನು ಕಚೇರಿಯ ಇನ್ವರ್ಟರಿಗೆ ಸೇರಿಸುವುದು ಇನ್ನೂ ಒಳ್ಳೆಯದು.

ಕೊನೆಗೆ, ನಂಬರ್ ಬರೆಯುವ ರೀತಿ. ಸಣ್ಣ ವಿಷಯ ಅನ್ನಿಸಬಹುದು, ಕರೆ ತಪ್ಪುವುದು ಬಹಳ ಸಲ ಇಲ್ಲೇ. ಸುಮಾರು ಅಂಗಡಿಗಳ ಹಳೆಯ ಬೋರ್ಡಿನಲ್ಲಿ 'ಫೋ:' ಅಂತ ಬರೆದು ಆರಂಕಿ ಮಾತ್ರ ಇದೆ. ಊರಿನವರೆಲ್ಲ ಲ್ಯಾಂಡ್‌ಲೈನಿನಿಂದ ಮಾಡುತ್ತಿದ್ದಾಗ ಅದು ಸಾಕಿತ್ತು. ಮೊಬೈಲಿನಿಂದ ಆ ಆರಂಕಿ ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಟ್ರಾಯ್ ಹೇಳಿದ್ದು ಜಾರಿಗೆ ಬಂದರೆ ಲ್ಯಾಂಡ್‌ಲೈನಿನಿಂದಲೂ ಹೋಗುವುದಿಲ್ಲ. ಆದ್ದರಿಂದ ಕೋಡ್ ಸೇರಿಸಿ, ಸೊನ್ನೆಯನ್ನೂ ಸೇರಿಸಿ ಬರೆಯಿರಿ. ಸೊನ್ನೆ ಬಿಟ್ಟರೆ 8ರಿಂದ ಶುರುವಾಗುವ ಹತ್ತಂಕಿ ನೋಡಿ ಜನ ಮೊಬೈಲ್ ಅಂದುಕೊಳ್ಳುತ್ತಾರೆ. ಕೋಡಿಗೂ ನಂಬರಿಗೂ ನಡುವೆ ಒಂದು ಗೆರೆ ಇರಲಿ.

ಪರದೇಶದಲ್ಲಿರುವವರಿಗೆ ಮಾತ್ರ ಉಲ್ಟಾ. ಕುಂದಾಪುರ, ಭಟ್ಕಳದ ಎಷ್ಟೋ ಮನೆಯವರು ಕೊಲ್ಲಿ ದೇಶಗಳಲ್ಲಿದ್ದಾರೆ. ಅವರು +91 ಹಾಕಿದ ಮೇಲೆ ಸೊನ್ನೆ ಹಾಕಬಾರದು. ಭಟ್ಕಳದ 08385 ಅಲ್ಲಿಂದ +91 8385 ಆಗುತ್ತದೆ. ವೆಬ್‌ಸೈಟುಗಳಲ್ಲಿ '+91-08385' ಅಂತ ಬರೆದಿರುವುದನ್ನು ಎಷ್ಟೋ ಕಡೆ ನೋಡಬಹುದು, ಅದು ತಪ್ಪು. ದುಬೈಯಲ್ಲಿ ಕೂತು ಊರಿನ ಆಸ್ಪತ್ರೆಯಲ್ಲಿರುವ ಅಪ್ಪನನ್ನು ವಿಚಾರಿಸಲು ಹೊರಟವನ ಕರೆ ಆ ಒಂದು ಸೊನ್ನೆಯಿಂದ ತಪ್ಪಿಹೋಗುತ್ತದೆ.

ವಾಟ್ಸಾಪ್ ಬೇಕಲ್ಲ, ಅದಕ್ಕೆ ಮೊಬೈಲೇ ಆಗಬೇಕಲ್ವಾ ಅನ್ನುವವರೂ ಇದ್ದಾರೆ. ಆಗಬೇಕಿಲ್ಲ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಲ್ಯಾಂಡ್‌ಲೈನ್ ನಂಬರನ್ನೂ ತಗೊಳ್ಳುತ್ತದೆ. ಎಸ್ಸೆಮ್ಮೆಸ್ ಬದಲು 'ಕರೆ ಮಾಡಿ' ಎನ್ನುವುದನ್ನು ಆರಿಸಿದರೆ ಟೇಬಲ್ ಮೇಲಿನ ಫೋನ್ ರಿಂಗಾಗಿ, ವಾಟ್ಸಾಪ್‌ನ ದೃಢೀಕರಣದ ಕೋಡನ್ನು ಓದಿ ಹೇಳುತ್ತದೆ. ನಂಬರ್ ಹಾಕುವಾಗ ಇಲ್ಲೂ ಮೊದಲ ಸೊನ್ನೆ ಬಿಡಬೇಕು. ಪಂಚಾಯಿತಿಯ ಲ್ಯಾಂಡ್‌ಲೈನಿಗೇ ವಾಟ್ಸಾಪ್ ಇದ್ದರೆ, ಒಡೆದ ಪೈಪಿನ ಫೋಟೊ ಕಳಿಸುವ ನಂಬರೂ ದೂರು ಹೇಳುವ ನಂಬರೂ ಒಂದೇ ಆಗುತ್ತದೆ, ಪಿಡಿಒ ಬದಲಾದರೂ ಹಳೆಯ ಮೆಸೇಜುಗಳು ಆ ಆ್ಯಪ್ ಹಾಕಿರುವ ಕಚೇರಿಯ ಸ್ಮಾರ್ಟ್‌ಫೋನಿನಲ್ಲೇ ಇರುತ್ತವೆ. ಮುಂದಿನ ಗ್ರಾಮಸಭೆಯಲ್ಲಿ ಇಷ್ಟನ್ನು ಕೇಳಿ: ಕಚೇರಿಗೆ ಫೈಬರ್ ಬಂದಿದೆಯಾ, ಅದರ ಜತೆ ಬಂದ ನಂಬರ್ ಯಾವುದು, ಫೋನ್ ಯಾರ ಟೇಬಲ್ ಮೇಲೆ ಇಡುತ್ತೀರಿ, ಬಿಲ್ ಯಾವ ಖಾತೆಯಿಂದ ಕಟ್ಟುತ್ತೀರಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ.